ಖಂಡೇಪೂಜೆಗೆ ಮಲಗಿದ ಯಂತ್ರ

ಗದಗಿನ ದೂರಶ್ರವಣ ಕೇಂದ್ರದ ಖಂಡೇಪೂಜೆಯನ್ನು, ಅಂದರೆ ಆಯುಧಪೂಜೆಯನ್ನು, ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಊರಿನ ಉಳಿದವರೆಲ್ಲ ಮಹಾನವಮಿಯ ದಿನ ಲಾರಿಗೆ, ಹಿಟ್ಟಿನ ಗಿರಣಿಗೆ, ಹೊಲಿಗೆ ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಆ ಹೊತ್ತು ಅವುಗಳಿಂದ ಕೆಲಸ ತೆಗೆಯದೆ ಮಲಗಲು ಬಿಡುತ್ತಾರೆ. ಲಾರಿ ಮಲಗಿದರೆ ಲಾರಿಯವನಿಗೇನೂ ಆಗುವುದಿಲ್ಲ, ಚುರಮುರಿ ತಿನ್ನುತ್ತ ಕಟ್ಟೆಯ ಮೇಲೆ ಕೂತಿರುತ್ತಾನೆ. ಕೇಂದ್ರದ ಯಂತ್ರ ಮಲಗಿದರೆ ಮಾತ್ರ ಅದರ ಸುತ್ತ ನೆರೆದ ಐವತ್ತು ಚಿಲ್ಲರೆ ಮಂದಿ ಆ ಕ್ಷಣಕ್ಕೇ ಕಿವುಡರಾಗುತ್ತಾರೆ.

ಹಾಗೆ ಕಿವುಡರಾಗಲೆಂದೇ ಅವರು ಹೊಸ ಬಟ್ಟೆ ಉಟ್ಟುಕೊಂಡು ಬರುತ್ತಿದ್ದರು. ಐನೋರು ಆರತಿ ಎತ್ತುವಾಗ ಕೋಣೆಯಲ್ಲಿ ಅವರ ಪಾಲಿಗೆ ಒಂದು ಸದ್ದೂ ಇಲ್ಲ. ಆರತಿ ಮುಗಿದ ಮೇಲೆ ದಾನೇಶ್ವರಿ ಒಂದು ಗುಂಡಿ ಒತ್ತುತ್ತಾಳೆ, ಐನೋರು ಜಾಗಟೆ ಬಾರಿಸುತ್ತಾರೆ, ಬಗ್ಗಿದ್ದ ತಲೆಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ. ಈ ಪದ್ಧತಿ ಹಾಕಿದವರು ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಬೆಂಡಿಗೇರಿ. ವರ್ಷಕ್ಕೊಮ್ಮೆ ಕಿವಿ ಹೋಗಿ ಬಂದರೆ ಅದರ ಬೆಲೆ ನೆನಪಿರುತ್ತದೆ ಎನ್ನುವುದು ಅವರ ವಾದ. ಡಾಕ್ಟರರ ವಾದ ಹೇಗೇ ಇರಲಿ, ಜನಕ್ಕೆ ಆ ಜಾಗಟೆಯ ಮೊದಲ ಪೆಟ್ಟಿನ ರುಚಿ ಹತ್ತಿಬಿಟ್ಟಿತ್ತು.

ದಾನೇಶ್ವರಿ ಕುಬಸದ ಆ ಯಂತ್ರದ ಮೇಲ್ವಿಚಾರಕಿ. ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಫಕ್ಕೀರೇಶನಿಗೆ ಮೆದುಳುಜ್ವರ ಬಂದು, ಜೀವ ಉಳಿಯಿತು, ಕಿವಿ ಹೋಯಿತು. ಕಿವಿಯಿಂದ ಮೆದುಳಿಗೆ ಹೋಗುವ ನರವೇ ಸುಟ್ಟುಹೋದ ಅಂಥವರಿಗೆ ಅಂಗಡಿಯಲ್ಲಿ ಸಿಗುವ ಕಿವಿಯಂತ್ರದಿಂದ ಪ್ರಯೋಜನವಿಲ್ಲ. ಅವರಿಗಾಗಿ ವಿದೇಶದ ಒಂದು ಕಂಪನಿ ಹೊಸ ಉಪಾಯ ತಂದಿತ್ತು: ಮೆದುಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ತಗಡು, ಕಿವಿಯ ಹಿಂದೆ ಒಂದು ಬಿಲ್ಲೆ. ಬಿಲ್ಲೆ ಹಿಡಿದ ಸದ್ದು ಮೊಬೈಲಿನ ಜಾಲದ ಮೂಲಕ ಕೇಂದ್ರಕ್ಕೆ ಬರುತ್ತದೆ, ಅಲ್ಲಿನ ಯಂತ್ರ ಅದನ್ನು ಮೆದುಳಿಗೆ ತಿಳಿಯುವ ಮಿಡಿತಗಳನ್ನಾಗಿ ಮಾಡಿ ಹಿಂದಕ್ಕೆ ಕಳಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಮುಗಿದಿರುತ್ತದೆ. ಊರಲ್ಲಿ ಆ ತಗಡನ್ನು ಮೊದಲು ಹಾಕಿಸಿಕೊಂಡವನು ಫಕ್ಕೀರೇಶ. ಅವನ ಹಿಂದೆಯೇ ದಾನೇಶ್ವರಿ ಪಾಲಿಟೆಕ್ನಿಕ್ ಬಿಟ್ಟು ಕೇಂದ್ರಕ್ಕೆ ಬಂದು ಸೇರಿದ್ದಳು.

ಮೊದಮೊದಲು ಅವನಿಗೆ ಕೇಳಿಸಿದ್ದು ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು. ಹೆಂಡತಿ ಕರೆದರೂ ಅದೇ, ಎಮ್ಮೆ ಕೂಗಿದರೂ ಅದೇ. ಆದರೆ ಯಂತ್ರದೊಳಗಿನ ಪ್ರೋಗ್ರಾಮು ದಿನದಿನವೂ ಕಲಿಯುತ್ತಿತ್ತು, ಅವನ ಮೆದುಳೂ ಕಲಿಯುತ್ತಿತ್ತು. ಹೊಸದಾಗಿ ಮದುವೆಯಾದವರ ಹಾಗೆ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತ ಹೊಂದಿಕೊಳ್ಳುತ್ತ, ಮೂರು ವರ್ಷಕ್ಕೆ ಮಾತು ಬಿಡಿಬಿಡಿಯಾಗಿ ತಿಳಿಯತೊಡಗಿತು. ಹದಿನಾಲ್ಕನೆಯ ವರ್ಷಕ್ಕೆ ಬರುವಷ್ಟರಲ್ಲಿ ಅವನು ಅಂದಾನಪ್ಪನವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷೀನಿನ ಸದ್ದು ಕೇಳಿಯೇ ಶಾಯಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುತ್ತಿದ್ದ.

ಕಂಪನಿ ಮೊದಲ ವರ್ಷವೇ, ತಗಡು ಬಿಲ್ಲೆಗಳ ರಾಶಿಯೊಂದನ್ನು ಕೇಂದ್ರದಲ್ಲಿ ಬಿಟ್ಟು, ದಿವಾಳಿಯಾಗಿತ್ತು. ಅದು ಕೊಟ್ಟ ಯಂತ್ರವೂ ಅದೇ ಬೇಸಿಗೆಯಲ್ಲಿ ಸುಟ್ಟುಹೋಗಿತ್ತು. ಆಗ ಕೈಹಿಡಿದವರು ಧಾರವಾಡದ ಗುರುನಾಥ ಕಾಖಂಡಕಿ. ಚಿಕ್ಕಂದಿನ ವಿಡಿಯೋ ಗೇಮುಗಳನ್ನು ಹೊಸ ಕಂಪ್ಯೂಟರಿನಲ್ಲಿ ಆಡುವ ಹುಚ್ಚಿಗೆ ಬಿದ್ದು ಎಮ್ಯುಲೇಟರ್ ಬರೆಯುವುದನ್ನು ಕಲಿತ ಮನುಷ್ಯ. ಎಮ್ಯುಲೇಟರ್ ಎಂದರೆ ವೇಷ. ಸಾದಾ ಕಂಪ್ಯೂಟರು ಸತ್ತ ಯಂತ್ರದ ವೇಷ ಹಾಕಿ ನಿಲ್ಲುತ್ತದೆ, ಒಳಗಿರುವ ಪ್ರೋಗ್ರಾಮು ತಾನಿನ್ನೂ ಹಳೆಯ ಮನೆಯಲ್ಲೇ ಇದ್ದೇನೆ ಎಂದು ನಂಬಿ ಕೆಲಸ ಮಾಡುತ್ತಿರುತ್ತದೆ. ಅಂದಿನಿಂದ ಗದಗಿನ ಐವತ್ತು ಚಿಲ್ಲರೆ ಮಂದಿಯ ಕಿವಿ ಆ ವೇಷದ ಮೇಲೆ ನಿಂತಿತ್ತು.

ಈ ವರ್ಷ ಮೊಬೈಲ್ ಜಾಲದವರ ಹೊಸ ನಿಯಮ ಬಂತು. ಹಳೆಯ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರುಗಳಿಗೆ ದೀಪಾವಳಿಯ ನಂತರ ಜಾಲದೊಳಗೆ ಪ್ರವೇಶವಿಲ್ಲ. ಬೆಂಡಿಗೇರಿ ಡಾಕ್ಟರು ಯೋಚಿಸಿ ಹೇಳಿದರು:

"ದಾನೇಶ್ವರಿ, ಹೆಂಗೂ ಖಂಡೇಪೂಜಿಗೆ ಯಂತ್ರ ನಿಲ್ಲಿಸ್ತೀವಿ. ಅದ ಹೊತ್ತಿನ್ಯಾಗ ಅಪ್‌ಗ್ರೇಡ್ ಮಾಡಿಬಿಡ್ರಿ. ಮಂದಿಗೆ ಎರಡನೇ ಸಲ ತ್ರಾಸ ಕೊಡೋದು ಬ್ಯಾಡ."

ಮಾತು ಸರಿಯಾಗಿಯೇ ಇತ್ತು. ಅವಳು ಮನೆಯ ಲ್ಯಾಪ್‌ಟಾಪಿನಲ್ಲಿ ಹೊಸ ಸಿಸ್ಟಮ್ ಹಾಕಿ, ಎಮ್ಯುಲೇಟರ್ ತೆರೆಯುತ್ತದೆಂದು ನೋಡಿಯೂ ಇದ್ದಳು. ಪೂಜೆಯ ದಿನ ಎಂದಿನಂತೆ ವಿರಾಮದ ಗುಂಡಿ ಒತ್ತಿದಳು. ಮುಂದೆ ನಿಂತಿದ್ದ ಮುದುಕಿ ಕಾಶಿಂಬಿ ಅದೇ ಹೊತ್ತಿಗೆ ಕೆಮ್ಮಿದಳು, ಆ ಕೆಮ್ಮು ಎಲ್ಲರ ಪಾಲಿಗೆ ಅರ್ಧಕ್ಕೇ ನಿಂತು, ಒಂದಿಬ್ಬರು ನಕ್ಕರು. ದಾನೇಶ್ವರಿ ಒಳಗಿನ ಪ್ರೋಗ್ರಾಮನ್ನು ಮಲಗಿದಂತೆಯೇ ಬಿಟ್ಟು ಎಮ್ಯುಲೇಟರನ್ನು ಮುಚ್ಚಿದಳು. 'ಇದ್ದ ಸ್ಥಿತಿಯಲ್ಲೇ ಉಳಿಸಲಾಗಿದೆ' ಎಂದು ತೆರೆಯ ಮೇಲೆ ಬಂತು. ನಿದ್ದೆ ಹೋದವರನ್ನು ಹಾಸಿಗೆ ಸಮೇತ ಎತ್ತಿಟ್ಟ ಹಾಗೆ. ಇಷ್ಟು ಜೋಕೆ ಸಾಕೆಂದು ಅವಳಿಗೆ ಸಮಾಧಾನವೂ ಆಯಿತು.

ಐನೋರ ಪೂಜೆ ಆ ದಿನ ಬೇಕೆಂದೇ ಉದ್ದವಾಯಿತು. ಅಪ್‌ಗ್ರೇಡ್ ಮುಗಿದು ಕಂಪ್ಯೂಟರು ಎದ್ದಿತು. ಎಮ್ಯುಲೇಟರ್ ಏಳಲಿಲ್ಲ.

ಅವಳು ಮತ್ತೆ ಒತ್ತಿದಳು. ತೆರೆ ಒಮ್ಮೆ ಕಪ್ಪಾಗಿ ಮತ್ತೆ ನೀಲಿಗೆ ಬಂತು. ಇದ್ಯಾವುದೂ ತಿಳಿಯದ ಐನೋರು ಅವಳು ತಲೆಯಾಡಿಸಿದಳೆಂದು ಭಾವಿಸಿ ಜಾಗಟೆ ಬಾರಿಸಿದರು. ಅದನ್ನು ಕೇಳಿಸಿಕೊಂಡವರು ಮೂವರೇ, ಐನೋರು, ಡಾಕ್ಟರು ಮತ್ತು ಅವಳು. ಉಳಿದವರೆಲ್ಲ ತಲೆ ಬಗ್ಗಿಸಿ, ಕೈ ಮುಗಿದು, ಮುಖದ ಮೇಲೆ ನಗುವನ್ನು ಮೊದಲೇ ತಯಾರು ಮಾಡಿಟ್ಟುಕೊಂಡು ಕಾಯುತ್ತಿದ್ದರು. ಐನೋರು ಇನ್ನೊಮ್ಮೆ ಬಾರಿಸಿದರು. ಮೊದಲು ಕಣ್ಣು ತೆರೆದವನು ಫಕ್ಕೀರೇಶ. ಜಾಗಟೆಯ ಕೋಲು ಅಲ್ಲಾಡುವುದನ್ನು ನೋಡಿದ, ಹೆಂಡತಿಯ ಮುಖ ನೋಡಿದ.

"ಆತೇನು?" ಎಂದು ಕೇಳಿದ. ತನ್ನ ದನಿ ತನಗೆ ಕೇಳದ್ದರಿಂದ ಅದು ಕೋಣೆ ತುಂಬುವಷ್ಟು ಜೋರಾಗಿತ್ತು.

ಅವಳು ಒಂದು ತಾಸು ಅಂತ ಕೈಸನ್ನೆ ಮಾಡಿದಳು. ಆ ಒಂದು ತಾಸನ್ನು ಅವಳು ಆಮೇಲೆ ಅವರಿಗೆ ತಿರುಗಿ ಕೊಡಲೇ ಇಲ್ಲ.

ಮಾರನೆಯ ದಿನ ಬನ್ನಿಹಬ್ಬ. ಜನ ಮನೆಮನೆಗೆ ಬಂದು ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎನ್ನುತ್ತಿದ್ದರು. ಫಕ್ಕೀರೇಶ ಬಾಗಿಲಲ್ಲಿ ನಿಂತು ಎಲ್ಲರ ತುಟಿ ನೋಡಿ, ತಾನೂ ಅದನ್ನೇ ಕೂಗಿ ಹೇಳಿ ಕಳಿಸುತ್ತಿದ್ದ. ಕಿವಿ ಹೋದ ವಿಷಯ ಯಾರಿಗೂ ಹೇಳಲಿಲ್ಲ. ಇವತ್ತಲ್ಲ ನಾಳೆ ಬರುವುದಕ್ಕೆ ಊರಿಗೆಲ್ಲ ಯಾಕೆ ಸಾರಬೇಕು ಎಂಬ ಧೈರ್ಯ ಆಗ ಇತ್ತು.

ಆ ಧೈರ್ಯ ದಿನದಿನಕ್ಕೆ ಇಳಿಯಿತು. ಹೊಸ ಸಿಸ್ಟಮ್ ತನ್ನ ಅಪ್ಪಣೆಯಿಲ್ಲದೆ ಪ್ರೊಸೆಸರನ್ನು ಯಾರೂ ನೇರವಾಗಿ ಮುಟ್ಟದಂತೆ ಕಾವಲು ಹಾಕಿತ್ತು. ಕಾಖಂಡಕಿಯವರ ಹಳೆಯ ಎಮ್ಯುಲೇಟರಿನ ಓಟವೆಲ್ಲ ಆ ಮುಟ್ಟುವುದರಲ್ಲೇ ಇತ್ತು. ಅವಳ ಲ್ಯಾಪ್‌ಟಾಪು ಹೊಸ ಜಾತಿಯದು, ಅದರಲ್ಲಿ ಈ ತಕರಾರು ಕಂಡಿರಲಿಲ್ಲ. ಹಳೆಯ ಸಿಸ್ಟಮ್ಮಿಗೆ ಹಿಂತಿರುಗೋಣವೆಂದರೆ ಅಪ್‌ಗ್ರೇಡು ಬರುವಾಗಲೇ ಬಂದ ದಾರಿಯನ್ನು ಕಂಪ್ಯೂಟರಿನ ಮೂಲ ಬೋರ್ಡಿನೊಳಗೆ ಮುಚ್ಚಿಹಾಕಿತ್ತು. ಸುರಕ್ಷತೆಗಾಗಿ ಎಂದು ತೆರೆಯ ಮೇಲೆ ಬರೆದಿತ್ತು. ಯಾರ ಸುರಕ್ಷತೆ ಎಂದು ಬರೆದಿರಲಿಲ್ಲ.

ಮನೆಗೆ ಪಾಟಿ ಬಂತು. ಶಾಲೆಯ ಮಕ್ಕಳ ಪಾಟಿ, ಅಡಿಗೆಮನೆಯ ಮೊಳೆಗೆ ನೇತುಹಾಕಿದ್ದು. ಅವಳು ಸುಣ್ಣದ ಕಡ್ಡಿಯಲ್ಲಿ ಬರೆಯುವುದು, ಅವನು ಓದಿ ಕೂಗುವುದು. ಮೊದಲೆಲ್ಲ ಕುಕ್ಕರಿನ ಸೀಟಿ ಎಣಿಸುವುದು ಅವನ ಕೆಲಸವಾಗಿತ್ತು, ಪಡಸಾಲೆಯಿಂದಲೇ "ಮೂರಾದ್ವು, ತಗೀ" ಎನ್ನುತ್ತಿದ್ದ. ಈಗ ಸೀಟಿ ಎಷ್ಟಾದವೆಂದು ಇಬ್ಬರಿಗೂ ಮರೆತು ಬೇಳೆ ತಳಹಿಡಿಯುತ್ತಿತ್ತು. ಪ್ರೆಸ್ಸಿನಲ್ಲಿ ಅಂದಾನಪ್ಪನವರು ಒಳ್ಳೆಯ ಮಾತಿನಲ್ಲೇ ಅವನನ್ನು ಮಷೀನಿನಿಂದ ಎಬ್ಬಿಸಿ ಕಾಗದದ ರೀಮು ಕಟ್ಟಲು ಕೂಡಿಸಿದ್ದರು.

"ಮಷೀನಿಗೆ ಹೊಸಾ ಹುಡುಗ ಬಂದಾನ," ಎಂದ ಒಂದು ಸಂಜೆ. "ಶಾಯಿ ಸುರೀತಾನ, ಸುರೀತಾನ. ಕಣ್ಣಿಲೆ ನೋಡತಾನಲ್ಲ, ಅದಕ್ಕ. ಮಷೀನ್ ಹೇಳೋದು ಅಂವಗ ಕೇಳಸೂದಿಲ್ಲ. ನನಗರ ಎಲ್ಲಿ ಕೇಳಸ್ತದ ಈಗ."

ಅವಳು ಪಾಟಿಯ ಮೇಲೆ 'ಇನ್ನ ಸ್ವಲ್ಪ ದಿನ' ಎಂದು ಬರೆದಳು. ಅವನು ಓದಿ, ಒರೆಸಿ, ಪಾಟಿಯನ್ನು ಅದರ ಮೊಳೆಗೆ ಹಾಕಿದ.

ಕೊನೆಗೂ ಎಮ್ಯುಲೇಟರ್ ತೆರೆಯಿತು. ಕಾಖಂಡಕಿಯವರು ಎಂದೋ ಅರ್ಧ ಬರೆದು ಬಿಟ್ಟಿದ್ದ ಹೊಸ ಆವೃತ್ತಿಯನ್ನು ತರಿಸಿ, ಮುರಿದ ಕಡೆಯೆಲ್ಲ ತಾನೇ ತೇಪೆ ಹಚ್ಚಿ, ಪ್ರೊಸೆಸರನ್ನು ಮುಟ್ಟದೆ ನಿಧಾನವಾಗಿ ಕುಣಿಯುವ ವೇಷವನ್ನು ಅವಳು ಕಟ್ಟಿ ನಿಲ್ಲಿಸಿದಳು. ಕಂಪನಿಯ ಲಾಂಛನ ತೆರೆಯ ಮೇಲೆ ಮೂಡಿದಾಗ ಡಾಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಫಕ್ಕೀರೇಶನನ್ನು ಎದುರಿಗೆ ಕೂಡಿಸಿದರು. ಬಿಲ್ಲೆಯ ದೀಪ ಹಸಿರಾಯಿತು.

"ಏನ್ರೀ," ಎಂದಳು ಅವಳು.

ಅವನು ಬೆಚ್ಚಿಬಿದ್ದು ಬಿಲ್ಲೆಯನ್ನು ಕಿತ್ತ. ಕಣ್ಣಲ್ಲಿ ನೀರು ಬಂದಿತ್ತು.

"ಹರಳು," ಎಂದ. "ದಾನಿ, ಮತ್ತ ಅದ ಡಬ್ಬಿ, ಅದ ಹರಳು."

ತೆರೆಯ ಮೇಲೆ ಐವತ್ತು ಚಿಲ್ಲರೆ ಹೆಸರುಗಳಿದ್ದವು. ಎಲ್ಲದರ ಮುಂದೆಯೂ ಕಲಿಕೆ ಶೂನ್ಯ ಎಂದಿತ್ತು.

ಅವಳು ಧಾರವಾಡಕ್ಕೆ ಫೋನು ಹಚ್ಚಿದಳು. ಕಾಖಂಡಕಿಯವರಿಗೆ ವಯಸ್ಸಾಗಿ ಮಾತು ತಡವರಿಸುತ್ತಿತ್ತು, ಬುದ್ಧಿ ತಡವರಿಸುತ್ತಿರಲಿಲ್ಲ.

"ಕಲಿತದ್ದೆಲ್ಲಾ ಅದು ಓಡೋ ಮೆಮೊರಿಯೊಳಗ ಇಟ್ಕೋತದವಾ," ಎಂದರು. "ಬಂದ್ ಮಾಡಿದಾಗಷ್ಟ ಡಿಸ್ಕಿಗೆ ಬರೀತದ. ಆ ಕಂಪನಿಯವರ ಪದ್ಧತಿನೇ ಹಂಗ. ವರ್ಷಕ್ಕ ಒಮ್ಮೆರ ಸರಿಯಾಗಿ ಬಂದ್ ಮಾಡಿರಬೇಕಲಾ ನೀವು?"

ಅವಳು ತೆರೆಯ ಮೇಲಿನ ಶೂನ್ಯಗಳನ್ನು ಮತ್ತೊಮ್ಮೆ ನೋಡಿದಳು.

"ಒಮ್ಮೆನೂ ಬಂದ್ ಮಾಡಿಲ್ಲೇನು?"

"ಖಂಡೇಪೂಜಿಗೆ ಮಲಗಸ್ತಿದ್ವಿ ಸರ್. ವಿರಾಮ ಒತ್ತಿ. ಬಂದ್ ಮಾಡೋದು ಬ್ಯಾಡ ಅಂತ. ಮಂದಿ ಕಿವಿ ಅದು, ಆಯುಧ ಅಲ್ಲಲ್ರೀ."

ಊರಿನ ಯಾವ ಗಿರಣಿಯವನಾದರೂ ಮಹಾನವಮಿಗೆ ಗಿರಣಿಯನ್ನು ಪೂರ್ತಿ ಬಂದ್ ಮಾಡುತ್ತಾನೆ. ಇವರು ಮಾತ್ರ ಪ್ರೀತಿಯಿಂದ, ಭಯದಿಂದ, ಹದಿನಾಲ್ಕು ವರ್ಷ ಅದನ್ನು ಬರೀ ಮಲಗಿಸಿ ಎಬ್ಬಿಸಿದ್ದರು. ಒಂದೇ ಒಂದು ಸಲ ಕಠೋರರಾಗಿದ್ದರೆ ಸಾಕಿತ್ತು.

"ಪೂಜಿ ದಿನ ಉಳಿಸಿದ ಆ ಸ್ಥಿತಿ ಇನ್ನೂ ಅದ ಅಲ್ಲಾ?" ಎಂದರು ಕಾಖಂಡಕಿ. "ಅದರೊಳಗ ಎಲ್ಲಾ ಅದ. ಆದರ ಅದನ್ನ ನನ್ನ ಹೊಸಾ ಆವೃತ್ತಿ ಓದೂದಿಲ್ಲವಾ. ಅದು ಅರ್ಧಾ ಆ ಹಳೇ ಪ್ರೊಸೆಸರ್ ಭಾಷಾದಾಗ ಅದ. ಅದ ಜಾತಿ ಬೋರ್ಡು, ಅದ ಹಳೇ ಸಿಸ್ಟಮ್ಮು, ಎರಡೂ ಬೇಕು. ಅದರ ಮ್ಯಾಲೆ ಎಬ್ಬಿಸಿ, ಒಮ್ಮೆ ಸರಿಯಾಗಿ ಬಂದ್ ಮಾಡಿದ್ರ, ಡಿಸ್ಕಿಗೆ ಬರೀತದ. ಆ ಡಿಸ್ಕು ಒಯ್ದು ಹೊಸದಕ್ಕ ಹಾಕು. ಮುಗೀತು."

ಮುಗಿಯಿತು ಎಂದು ಅವರು ಹೇಳಿದ ರೀತಿಗೆ ಅವಳಿಗೆ ಅಂದು ಊಟ ರುಚಿಸಿತು.

ಅಂಥ ಬೋರ್ಡಿಗಾಗಿ ಅವಳು ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ, ಕಾಲೇಜುಗಳ ಅಟ್ಟಗಳಲ್ಲಿ, ಗೊತ್ತಿದ್ದವರ ಮಂಚದ ಕೆಳಗೆ ಹುಡುಕಿದಳು. ಜಾಲದ ನಿಯಮ ಬಂದದ್ದೇ ತಡ, ಜನ ಹಳೆಯವನ್ನೆಲ್ಲ ತೂಕಕ್ಕೆ ಹಾಕಿದ್ದರು. ಕೊನೆಗೆ ಬೋರ್ಡು ಕಂಡದ್ದು ಫಕ್ಕೀರೇಶನ ಕಣ್ಣಿಗೇ, ಅವನ ಪ್ರೆಸ್ಸಿನಲ್ಲೇ. ಅಚ್ಚಿನ ಪ್ಲೇಟ್ ಮಾಡುವ ಯಂತ್ರಕ್ಕೆ ಕಟ್ಟಿದ್ದ, ಧೂಳು ಹಿಡಿದ ಕಂಪ್ಯೂಟರು. ಎಂದೂ ಜಾಲಕ್ಕೆ ಸೇರಿಸದ್ದರಿಂದ ಯಾವ ಅಪ್‌ಗ್ರೇಡೂ ಅದನ್ನು ಮುಟ್ಟಿರಲಿಲ್ಲ. ಮುಚ್ಚಳ ತೆಗೆದಾಗ ಒಳಗಿನ ಒಂದೆರಡು ಕೆಪಾಸಿಟರುಗಳು ನೆನೆದ ಕಡಲೆಯ ಹಾಗೆ ಉಬ್ಬಿದ್ದವು. ಬಿಚ್ಚಿ ಒಯ್ದರೆ, ಬದಲಿಸಲು ಹೋದರೆ ಉಳಿಯುವ ಭರವಸೆಯಿಲ್ಲ. ಅಲ್ಲೇ ಮಾಡಬೇಕು, ಒಂದೇ ಸಲಕ್ಕೆ ಮಾಡಬೇಕು.

ರವಿವಾರ ಪ್ರೆಸ್ಸಿಗೆ ರಜೆ. ಅಂದಾನಪ್ಪನವರು ಬೀಗದ ಕೈ ಕೊಟ್ಟರು. ಮಧ್ಯಾಹ್ನ ಗಂಡಹೆಂಡತಿ ಇಬ್ಬರೇ ಹೋದರು. ಅವಳು ಯುಪಿಎಸ್ ಹಚ್ಚಿ, ಮೇಜಿನ ಫ್ಯಾನನ್ನು ಬೋರ್ಡಿನ ಕಡೆಗೆ ತಿರುಗಿಸಿ, ಹಳೆಯ ಎಮ್ಯುಲೇಟರ್ ಹಾಕಿ, ಪೂಜೆಯ ದಿನದ ಸ್ಥಿತಿಯನ್ನು ತೆರೆದಳು. ತೆರೆದುಕೊಂಡಿತು. ತೆರೆಯ ಮೂಲೆಯ ಗಡಿಯಾರದಲ್ಲಿ ಇನ್ನೂ ಮಹಾನವಮಿಯ ಮುಂಜಾನೆ ಇತ್ತು. ಐವತ್ತು ಚಿಲ್ಲರೆ ಹೆಸರುಗಳ ಮುಂದೆ ಅವರವರು ಸೇರಿದಂದಿನಿಂದ ಆದ ಕಲಿಕೆಯೆಲ್ಲ ಇತ್ತು.

ಜಾಲವಿಲ್ಲದ್ದರಿಂದ ಬಿಲ್ಲೆಗೆ ವಾಯರು ಹಚ್ಚಬೇಕಿತ್ತು. ಬೇರೆ ಯಾರ ಬಿಲ್ಲೆಯೂ ಅಲ್ಲಿರಲಿಲ್ಲ, ಅವನದೊಂದೇ. ನಿಜ ಹೇಳಬೇಕೆಂದರೆ ಅದನ್ನು ಹಚ್ಚುವ ಅಗತ್ಯವೂ ಇರಲಿಲ್ಲ. ಎಬ್ಬಿಸಿ, ಬಂದ್ ಮಾಡಿ, ಡಿಸ್ಕು ತೆಗೆದುಕೊಂಡು ಹೋಗುವುದಷ್ಟೇ ಕೆಲಸ. ಆದರೆ ಅವನು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮಗುವಿನ ಹಾಗೆ ಅವಳ ಮುಖ ನೋಡುತ್ತಿದ್ದ. ಸರಿಯಾಗಿದೆಯೋ ಇಲ್ಲವೋ ಪರೀಕ್ಷೆ ಮಾಡಬೇಕಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ವಾಯರು ಹಚ್ಚಿದಳು. ಮುಂದುವರಿಸು ಎಂಬ ಗುಂಡಿ ಒತ್ತಿದಳು.

ಅವನು ನಕ್ಕ.

"ಕಾಶಿಂಬಿ ಕೆಮ್ಮಿದ್ಲು," ಎಂದ. "ಉಳಿದರ್ಧಾ ಕೆಮ್ಮು. ಇಷ್ಟು ದಿನಾ ಒಳಗ ಕೂತಿತ್ತ ನೋಡು ಪಾಪ."

"ಏನ್ರೀ... ಕೇಳಸ್ತೈತೇನ್ರೀ?"

"ಕೇಳಸ್ತೈತಿ."

"ಖರೇನ ಕೇಳಸ್ತೈತಿ? ನನ್ನ ದನಿ ಹೆಂಗಿತ್ತೋ ಹಂಗ ಐತಿ?"

"ಹಂಗ ಐತಿ ಮಾರಾಯ್ತಿ. ಅದೊಂದ ಕೇಳಬ್ಯಾಡ, ಬ್ಯಾರೆ ಏನರ ಮಾತಾಡು."

ಇಷ್ಟು ದಿನ ಪಾಟಿಯ ಮೇಲೆ ಹಿಡಿಸದ ಮಾತು ಎಷ್ಟೊಂದಿದ್ದವು. ಈಗ ಒಂದೂ ನೆನಪಾಗಲಿಲ್ಲ. ನಿನ್ನೆ ತಂದ ಬದನೆಕಾಯಿ ಹುಳುಕು ಎಂದಳು. ಎದುರುಮನೆಯವರ ಆಕಳು ಈದಿದೆ ಎಂದಳು. ಅವನು ಕಣ್ಣು ಮುಚ್ಚಿ, ಪ್ರವಚನ ಕೇಳುವವನ ಭಕ್ತಿಯಿಂದ ಬದನೆಕಾಯಿಯ ಸುದ್ದಿ ಕೇಳಿದ. ಬೋರ್ಡಿನ ಶಾಖ ತೋರಿಸುವ ಅಂಕಿ ಏರುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಬಂದ್ ಮಾಡ್ತೀನ್ರೀ ಇನ್ನ."

"ತಡಿ, ತಡಿ. ಒಂದ ಸಲ ಮಷೀನ್ ಹಚ್ಚು."

"ಯಾವ ಮಷೀನು?"

"ನನ್ನ ಮಷೀನು. ಆ ಹುಡುಗ ಏನ್ ಮಾಡಿಟ್ಟಾನೋ ಕೇಳ್ತೀನಿ. ಬರೇ ಒಂದ ಸುತ್ತು."

ಬೇಡ ಎನ್ನಬೇಕಿತ್ತು. ಎಂಜಿನಿಯರ್ ಆದವಳು ಬೇಡ ಎನ್ನುತ್ತಿದ್ದಳು, ಆದರೆ ಆ ಹೊತ್ತಿಗೆ ಅಲ್ಲಿ ಇದ್ದವಳು ಹೆಂಡತಿ. ಅವಳು ಪಕ್ಕದ ಹಾಲಿಗೆ ಹೋಗಿ ಆಫ್‌ಸೆಟ್ ಮಷೀನಿನ ಸ್ವಿಚ್ಚು ಒತ್ತಿದಳು. ಮೋಟರು ಎಳೆದುಕೊಂಡ ಹೊಡೆತಕ್ಕೆ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಹೊತ್ತಿದವು. ರೋಲರುಗಳು ತಿರುಗತೊಡಗಿದವು. ಅವಳು ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಅವನು ತಲೆಯನ್ನು ಒಂದು ಕಡೆಗೆ ವಾಲಿಸಿ, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ, ಹುಬ್ಬು ಗಂಟಿಕ್ಕಿ, ಆಮೇಲೆ ಬಿಡಿಸಿ, ಇಡೀ ಮುಖದಲ್ಲಿ ಆ ಸದ್ದನ್ನೇ ತುಂಬಿಕೊಂಡು ಕೂತಿದ್ದ. ಮದುವೆಯಾದ ಮೇಲೆ ಅವನನ್ನು ಅಷ್ಟು ಸುಖವಾಗಿ ಅವಳು ಕಂಡಿರಲಿಲ್ಲ.

"ಎಡಕ್ಕಿನ ರೋಲರ್ ಬಿಗಿ ಆಗೇತಿ," ಎಂದ, ಈಗ ಮೆತ್ತಗಿನ ದನಿಯಲ್ಲಿ. "ದೀಪ ಮಂಕಾದಾಗ ಇಲ್ಲಿ ಏನೋ ಟಕ್ ಅಂತಲ್ಲ, ಅದೇನು?"

"ಯುಪಿಎಸ್‌ರೀ. ಏನೂ ಆಗಿಲ್ಲ."

ಮಷೀನು ನಿಲ್ಲಿಸಿ ಬಂದಳು. ಅವನ ಬಿಲ್ಲೆಯ ವಾಯರು ತೆಗೆಯುವ ಮುಂಚೆ ಅವನ ಕಿವಿಯ ಹತ್ತಿರ ಬಗ್ಗಿ, "ಸಂಜೀಕ ಮತ್ತ ಮಾತಾಡೋಣು" ಎಂದಳು. ಅವನು ತಲೆಯಾಡಿಸಿದ. ಅವಳು ಬಂದ್ ಮಾಡುವ ಅಪ್ಪಣೆ ಕೊಟ್ಟಳು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಪ್ರೋಗ್ರಾಮು ತಾನು ಕಲಿತದ್ದನ್ನು ಡಿಸ್ಕಿಗೆ ಬರೆಯಲು ಕೂತಿತು. ಒಬ್ಬೊಬ್ಬರ ಹೆಸರು ತೆರೆಯ ಮೇಲೆ ಬಂದು, ಅದರ ಮುಂದೆ 'ಬರೆಯಲಾಗಿದೆ' ಎಂದು ಮೂಡುತ್ತಿತ್ತು. ಮೊದಲು ಬಂದ ಹೆಸರು ಹೋದ ವರ್ಷ ಸೇರಿದ ಒಬ್ಬ ಮಾಸ್ತರರದು. ಆಮೇಲೆ ಅವರಿಗಿಂತ ಮುಂಚೆ ಸೇರಿದ್ದ ಹೆಣ್ಣುಮಗಳು. ದಾನೇಶ್ವರಿಗೆ ತಿಳಿಯಿತು. ಪಾತ್ರೆ ಪೇರಿಸಿಟ್ಟವರು ತೆಗೆಯುವಾಗ ಮೇಲಿನಿಂದಲೇ ತೆಗೆಯುವ ಹಾಗೆ, ಕಂಪನಿಯ ಪ್ರೋಗ್ರಾಮು ಕೊನೆಗೆ ಬಂದವರಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಿತ್ತು. ಮೊದಲಿಗನಾದ ಫಕ್ಕೀರೇಶ ಎಲ್ಲರಿಗಿಂತ ಕೊನೆಗೆ. ಒಬ್ಬೊಬ್ಬರಿಗೆ ಒಂದೊಂದು ನಿಮಿಷವೇ ಹಿಡಿಯುತ್ತಿತ್ತು, ಕಲಿತ ವರ್ಷಗಳು ಹೆಚ್ಚಾದಷ್ಟೂ ಇನ್ನೂ ನಿಧಾನ. ಅವಳು ಸೆರಗಿನಿಂದ ಬೋರ್ಡಿಗೆ ಗಾಳಿ ಹಾಕತೊಡಗಿದಳು. ಅವನೂ ಒಂದು ರಟ್ಟು ತಂದು ಬೀಸತೊಡಗಿದ. ಒಲೆಯ ಮುಂದೆ ಕೂತವರಂತೆ ಇಬ್ಬರೂ ಮಾತಿಲ್ಲದೆ ಬೀಸುತ್ತಿದ್ದರು.

ಹನ್ನೊಂದು ಹೆಸರು ಆದವು. ಹನ್ನೆರಡನೆಯದು ಬಂತು, 'ಬರೆಯಲಾಗುತ್ತಿದೆ' ಎಂದಿತು, ತೆರೆ ನಿಂತಿತು. ಬೋರ್ಡಿನಿಂದ ಸಣ್ಣ ವಾಸನೆ ಎದ್ದಿತು. ಅವನಿಗೆ ಕಿವಿ ಇರಲಿಲ್ಲ, ಮೂಗು ಇತ್ತು. ಅವನೇ ಮೊದಲು ಬೀಸುವುದನ್ನು ನಿಲ್ಲಿಸಿದ.

ಆ ಬೋರ್ಡು ಮತ್ತೆ ಏಳಲಿಲ್ಲ. ಅಂಥ ಇನ್ನೊಂದು ಸಿಗಲಿಲ್ಲ. ಡಿಸ್ಕಿನಲ್ಲಿ ಬಂದ ಹನ್ನೊಂದು ಮಂದಿಯ ಕಲಿಕೆಯನ್ನು ಅವಳು ಕೇಂದ್ರದ ಹೊಸ ಎಮ್ಯುಲೇಟರಿಗೆ ಹಾಕಿದಳು. ಹನ್ನೊಂದು ಮಂದಿಗೆ ಕಿವಿ ಬಂತು, ಇದ್ದ ಹಾಗೆಯೇ ಬಂತು. ಮಾಸ್ತರರು ಕೇಂದ್ರದ ಅಂಗಳದಲ್ಲಿ ಕೂತು ಅತ್ತರು. ಉಳಿದವರಲ್ಲಿ ಕೆಲವರು ಹರಳಿನ ಡಬ್ಬಿಯಿಂದ ಮತ್ತೆ ಶುರು ಮಾಡಿದರು. ಎಳೆಯರಿಗೆ ಐದಾರು ವರ್ಷಕ್ಕೆ ಬಂದೀತು, ಐವತ್ತು ದಾಟಿದವರ ಮೆದುಳು ಎರಡನೆಯ ಸಲ ಕಲಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಫಕ್ಕೀರೇಶನಿಗೆ ಐವತ್ತು ದಾಟಿತ್ತು. ಫಕ್ಕೀರೇಶನ ನಂತರ ಎರಡನೆಯವಳಾಗಿ ಸೇರಿದ್ದ ಕಾಶಿಂಬಿಗೆ ಎಪ್ಪತ್ತರ ಹತ್ತಿರ.

ಒಂದು ದಿನ ಕಾಶಿಂಬಿ ಮನೆಗೇ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಶೇಂಗಾ ಉಂಡಿ ಇಟ್ಟು, ದಾನೇಶ್ವರಿಯ ಎರಡೂ ಕೈ ಹಿಡಿದು, ಕಿವುಡರ ಜೋರು ದನಿಯಲ್ಲಿ ಹೇಳಿದಳು:

"ಯವ್ವಾ, ನೀ ಸಣ್ಣ ಮಾರಿ ಮಾಡಬ್ಯಾಡ. ಮನಸ್ಸು ಮಾಡಿದ್ರ ನಿನ್ನ ಗಂಡಂದ ಮೊದಲ ತಗೀಬಹುದಿತ್ತು ನೀನು. ಊರ ಮಂದೀದು ಮೊದಲ ಆಗ್ಲಿ ಅಂತ ಬಿಟ್ಟಿ. ಅಂಥಾ ಹೊಟ್ಟಿ ಯಾರಿಗೆ ಇರತದ? ಅಲ್ಲಾ ನಿಮ್ಮನ್ನ ಚಂದ ಇಟ್ಟಿರಲಿ."

ಯಾರದು ಮೊದಲು ಎಂದು ದಾನೇಶ್ವರಿ ಆರಿಸಿರಲಿಲ್ಲ, ಆರಿಸಲು ಬರುತ್ತಲೂ ಇರಲಿಲ್ಲ. ಅವಳು ಆರಿಸಿದ್ದು ಬದನೆಕಾಯಿಯ ಮಾತನ್ನು, ರೋಲರಿನ ಒಂದು ಸುತ್ತನ್ನು. ಆ ನಿಮಿಷಗಳಲ್ಲಿ ಇನ್ನೆಷ್ಟು ಹೆಸರು ಆಗುತ್ತಿದ್ದವೋ, ಆ ಟಕ್ ಎಂಬ ಸದ್ದಿಗೇ ಬೋರ್ಡು ಸೋತಿತ್ತೋ, ಅಥವಾ ಏನು ಮಾಡಿದರೂ ಅದರ ಆಯುಷ್ಯ ಅಷ್ಟೇ ಇತ್ತೋ, ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳು ಮೊಳೆಯಿಂದ ಪಾಟಿ ತೆಗೆದು, 'ಅಜ್ಜೀ, ಅವತ್ತು ನಾವು ಬಂದ್ ಮಾಡೋದಕ್ಕ ಮುಂಚೆ' ಎಂದು ಬರೆಯತೊಡಗಿದಳು.

ಫಕ್ಕೀರೇಶ ಹಿಂದಿನಿಂದ ಬಂದು ಅಂಗೈಯಿಂದ ಅದನ್ನು ಒರೆಸಿಬಿಟ್ಟ. ಕಾಶಿಂಬಿಗೆ ಉಂಡಿ ಬಹಳ ಚಲೋ ಆಗಿದೆಯೆಂದು ಸನ್ನೆ ಮಾಡಿ ಬಾಗಿಲ ತನಕ ಕಳಿಸಿ ಬಂದ. ಆಮೇಲೆ ಹೆಂಡತಿಗೆ, ಓಣಿಗೆಲ್ಲ ಕೇಳುತ್ತಿದೆಯೆಂಬ ಅರಿವಿಲ್ಲದೆ, "ಮಷೀನ್ ಹಚ್ಚು ಅಂದಾಂವ ನಾನು. ಅದು ನಂದ ಇರ್ಲಿ. ನಿಂದು ಅನ್ನಬ್ಯಾಡ," ಎಂದ. ಅವಳು ಓಡಿಹೋಗಿ ಬಾಗಿಲು ಹಾಕಿದಳು. ಹೊರಗೆ ಕಾಶಿಂಬಿ ಏನೂ ಕೇಳಿಸದೆ ನಿಧಾನವಾಗಿ ನಡೆದು ಹೋಗುತ್ತಿದ್ದಳು.

ಪೂಜೆಯ ದಿನ ಉಳಿಸಿದ ಆ ಸ್ಥಿತಿ ಇನ್ನೂ ಇದೆ. ಅದರ ನಾಲ್ಕು ಪ್ರತಿ ಮಾಡಿ ಅವಳು ನಾಲ್ಕು ಕಡೆ ಇಟ್ಟಿದ್ದಾಳೆ. ಅದರೊಳಗೆ ಈಗಲೂ ಮಹಾನವಮಿಯ ಮುಂಜಾನೆ, ಐವತ್ತು ಚಿಲ್ಲರೆ ಮಂದಿಯ ಕಿವಿ ಮಲಗಿವೆ, ಕಾಶಿಂಬಿಯ ಕೆಮ್ಮು ಅರ್ಧಕ್ಕೆ ನಿಂತಿದೆ. ಅದನ್ನು ಎಬ್ಬಿಸಬಲ್ಲ ಬೋರ್ಡನ್ನು ಜಗತ್ತಿನಲ್ಲಿ ಯಾರೂ ಈಗ ಮಾಡುವುದಿಲ್ಲ. ಕಾಖಂಡಕಿಯವರು ಮಳೆಗಾಲದಲ್ಲಿ ತೀರಿಕೊಂಡರು.

ಮತ್ತೆ ಖಂಡೇಪೂಜೆ ಬಂತು. ಈ ಸಲ ಪೂಜೆಯೇ ಬೇಡವೆಂದರು ಡಾಕ್ಟರು. ದಾನೇಶ್ವರಿ ಒಪ್ಪಲಿಲ್ಲ, ಬಂದ್ ಮಾಡಲೇಬೇಕು ಎಂದಳು. ಹನ್ನೊಂದು ಮಂದಿ ಬರುತ್ತಾರೆಂದು ಕುರ್ಚಿ ಹಾಕಿಸಿದರೆ, ಉಳಿದವರೂ ಹೊಸ ಬಟ್ಟೆ ಉಟ್ಟುಕೊಂಡು ಬಂದು ನಿಂತರು. ಯಾಕೆ ಬಂದಿರಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಕೇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅವಳು ಯಂತ್ರವನ್ನು ಪೂರ್ತಿಯಾಗಿ ಬಂದ್ ಮಾಡಿದಳು. ಹನ್ನೊಂದು ಹೆಸರೂ, ಹೊಸದಾಗಿ ಕಲಿಯುತ್ತಿದ್ದವರವೂ ಡಿಸ್ಕಿಗೆ ಇಳಿದವು. ಆರತಿ ಆಯಿತು. ಆ ಒಂದಿಷ್ಟು ಹೊತ್ತು ಕೋಣೆಯಲ್ಲಿದ್ದ ಅವರೆಲ್ಲರೂ ಮೊದಲಿನ ಹಾಗೆ ಒಂದೇ ಸಮನಾಗಿದ್ದರು.

ಅವಳು ಯಂತ್ರವನ್ನು ಎಬ್ಬಿಸಿದಳು. ಐನೋರಿಗೆ ತಲೆಯಾಡಿಸಿದಳು. ಜಾಗಟೆ ಮೊಳಗಿತು.

ಹನ್ನೊಂದು ತಲೆಗಳು ಮೇಲೆದ್ದವು. ಹರಳಷ್ಟೇ ಕೇಳಿಸಿದವರು ಅದು ಜಾಗಟೆಯೋ ಅಲ್ಲವೋ ತಿಳಿಯದೆ ಬಗ್ಗಿಯೇ ಇದ್ದರು. ಫಕ್ಕೀರೇಶ ಜಾಗಟೆಯ ಕಡೆ ನೋಡುತ್ತಿರಲಿಲ್ಲ. ಬಗ್ಗಿಸಿದ ತಲೆಯಲ್ಲೇ ಕಣ್ಣಷ್ಟೇ ಎತ್ತಿ, ಎದುರಿಗಿದ್ದ ಮಾಸ್ತರರ ಮುಖವನ್ನು ನೋಡುತ್ತಿದ್ದ. ಅಲ್ಲಿ ನಗು ಬಂದದ್ದನ್ನು ಕಂಡು, ಸದ್ದಾಯಿತೆಂದು ತಿಳಿದುಕೊಂಡು, ಎಲ್ಲರಿಗಿಂತ ಒಂದಿಷ್ಟು ತಡವಾಗಿ ಅವನೂ ತಲೆಯೆತ್ತಿ ಕೈ ಮುಗಿದ. ಪಕ್ಕದಲ್ಲಿ ಕಾಶಿಂಬಿ ಅವನನ್ನು ನೋಡಿಕೊಂಡು, ಇನ್ನೂ ಒಂದಿಷ್ಟು ತಡವಾಗಿ, ತಾನೂ ತಲೆಯೆತ್ತಿದಳು.